ಸುಳಿಯಲ್ಲಿ ನಿಂತ ಮೀನು

ಹೋದ ವರ್ಷ ಆಗಸ್ಟ್‌ನಲ್ಲಿ ಫ್ರೇಸರ್ ನದಿಗೆ ಕಾಲಿಟ್ಟವರಿಗೆಲ್ಲ ಗೊತ್ತು, ನೀರು ಬೆಚ್ಚಗಿತ್ತು. ಆದರೂ ಡೆಲ್ಫೀನಳ ಬಂಡೆಯ ಕೆಳಗಿನ ಸುಳಿಯಲ್ಲಿ ಸಾಲ್ಮನ್ ಮೀನು ಗಿಜಿಗುಡುತ್ತಿತ್ತು. ನಿಂತು ಮೀನು ಹಿಡಿಯುವ ಆ ಬಂಡೆಯ ಹಕ್ಕು ಆಕೆಗೆ ಅಜ್ಜಿಯಿಂದ ಬಂದದ್ದು. ಗಂಡ ವರ್ನನ್ ತೀರಿಕೊಂಡು ಅಕ್ಟೋಬರಿಗೆ ವರ್ಷ ತುಂಬುತ್ತಿತ್ತು. ವರ್ಷದೂಟಕ್ಕೆ ಬಂದವರ ತಟ್ಟೆಗೆ ಗಾಳಿಯಲ್ಲಿ ಒಣಗಿಸಿದ ಸಾಲ್ಮನ್ ಬೀಳದಿದ್ದರೆ ನಮ್ಮ ಕಣಿವೆಯಲ್ಲಿ ತಲೆ ಎತ್ತಿ ತಿರುಗುವುದು ಕಷ್ಟ. ಹಾಗಾಗಿ ಆಕೆ ಕೋಲುಬಲೆ ಹೊತ್ತು ಹೊರಟಳು.

ದಾರಿಯಲ್ಲಿ ತಮ್ಮನ ಮಗಳು ಮರ್ಲೀನ್ ಸಿಕ್ಕಳು. ಅವಳಿಗೆ ಊರಿನ ಮೀನುಗಾರಿಕೆ ಕಚೇರಿಯಲ್ಲಿ ಕೆಲಸ. ದಿನಾ ನದಿಯ ಬಿಸಿ ಅಳೆಯುತ್ತಾಳೆ, ಮೇಲಕ್ಕೆ ಹೋಗುವ ಮೀನು ಎಣಿಸುತ್ತಾಳೆ. ನೀರು ಇಪ್ಪತ್ತೊಂದು ಡಿಗ್ರಿ ಇದೆ, ತಣ್ಣೀರಿನ ಈ ಮೀನಿಗೆ ಅದು ತಡೆಯಲಾರದ ಬಿಸಿ, ಈ ಸಲ ಬಲೆ ಬೇಡ ಎಂದಳು. ಡೆಲ್ಫೀನ್ ಅಷ್ಟು ಸುಲಭಕ್ಕೆ ಕೇಳುವ ಪೈಕಿಯಲ್ಲ.

"ಕಣ್ಣಿಗೆ ಕಾಣೋ ಮೀನು ಬಿಟ್ಟು ನಿನ್ನ ಕಾಗದದಲ್ಲಿರೋ ಮೀನು ನಂಬ್ಲೇನೇ? ಸುಳಿ ತುಂಬ ಅದೇ ಇದೆ."

"ಅವು ಸುಸ್ತಾಗಿ ನಿಂತಿರೋವು, ಅತ್ತೆ. ನೀರು ಕಾದಿದೆ, ಸೆಳವು ಹತ್ತೋಕೆ ತ್ರಾಣ ಇಲ್ಲ. ನಿನ್ನೆ ಇಡೀ ದಿನ ಮೇಲೆ ದಾಟಿದ್ದು ಬರೀ ಹದಿನೇಳು. ಇವನ್ನೂ ಹಿಡಿದ್ರೆ ಮೊಟ್ಟೆ ಇಡೋಕೆ ಯಾವುದು ಹೋಗುತ್ತೆ?"

ಸುಳಿ ತುಂಬಿದರೆ ನದಿಯೆಲ್ಲ ಮೀನು ಎಂದುಕೊಳ್ಳುವುದು ನಮ್ಮೆಲ್ಲರ ಹಳೆಯ ತಪ್ಪು. ನಾನೂ ಮಾಡಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹಿರೀಕರು ಸಾವಿರಾರು ವರ್ಷ ಸಾಲ್ಮನ್ ತಿಂದೇ ಬದುಕಿದರು, ಅವರಿಗೆ ಯಾವ ಡಿಗ್ರಿ ಇತ್ತು ಎಂದು ಡೆಲ್ಫೀನ್ ಮೂಗು ಮುರಿದಳು. ಮರ್ಲೀನ್ ವಾದಕ್ಕೆ ನಿಲ್ಲದೆ ಅತ್ತೆಯನ್ನು ಊರ ಮೇಲಿನ ದಿಬ್ಬಕ್ಕೆ ಕರೆದೊಯ್ದಳು. ಅಲ್ಲಿ ಹಿರಿಯರ ಒಪ್ಪಿಗೆ ಪಡೆದು ಅಗೆದ ಹಳೇ ಮನೆಗಳ ತಿಪ್ಪೆಯಿದೆ. ಕತ್ತರಿಸಿದ ಮಣ್ಣಿನಲ್ಲಿ ಎಲ್ಲಕ್ಕಿಂತ ಕೆಳಗೆ ಗೇಣು ದಪ್ಪದ ಪದರದಲ್ಲಿ ಸಾಲ್ಮನ್ ಮೂಳೆ ಒತ್ತೊತ್ತಾಗಿತ್ತು. ಅದರ ಮೇಲೆ ನಾಲ್ಕು ಬೆರಳಿನಷ್ಟು ಪದರದಲ್ಲಿ ಸಾಲ್ಮನ್ ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಜಿಂಕೆ ಮೂಳೆ, ಕೆರೆಯ ಸಣ್ಣ ಮೀನು, ಸುಟ್ಟ ಗೆಡ್ಡೆ. ಆಮೇಲೆ ಮತ್ತೆ ಸಾಲ್ಮನ್. ನಡುವಿನದು ಹವೆ ಕಾದಿದ್ದ ಕಾಲದ್ದು, ಬೆಟ್ಟದ ಕೆರೆಯ ತಳದಲ್ಲಿ ಆ ಕಾಲಕ್ಕೆ ಕೂತ ಕೆಸರೂ ಅದನ್ನೇ ಹೇಳುತ್ತದೆ ಎಂದು ಮರ್ಲೀನ್ ವಿವರಿಸಿದಳು. ಆಗ ಕೆಲವರು ತಣ್ಣನೆಯ ಹೊಳೆಗಳ ಕಡೆ ಹೋದರು, ಉಳಿದವರು ಊಟ ಬದಲಿಸಿದರು.

ಡೆಲ್ಫೀನ್ ಆ ನಡುವಿನ ಪದರದ ಮೇಲೆ ಬೆರಳಿಟ್ಟಳು.

"ಇವರ ಮನೇಲೂ ಜನ ಸತ್ತಿರ್ತಾರೆ ಅಲ್ವೇನೇ? ವರ್ಷದೂಟಕ್ಕೆ ಏನು ಬಡಿಸಿದ್ರೋ."

"ಅದೇ ಅಲ್ವಾ ಅತ್ತೆ, ನಿಮ್ಮ ಬೆರಳಿನ ಕೆಳಗೆ ಇರೋದು."

ಬಲೆ ಮನೆಗೆ ವಾಪಸಾಯಿತು. ಸೆಪ್ಟೆಂಬರಿನಲ್ಲಿ ನೀರು ತಣ್ಣಗಾಗಿ ಸುಳಿಯ ಮೀನು ಮೇಲೆ ಹತ್ತಿತು. ವರ್ಷದೂಟಕ್ಕೆ ಜಿಂಕೆ ಸಾರು, ಬೇಯಿಸಿದ ಗೆಡ್ಡೆ. ವರ್ನನ್ ತಾನೇ ಹಿಡಿದು ಒಣಗಿಸಿಟ್ಟಿದ್ದ ಕೊನೆಯ ಮೀನನ್ನು ಡೆಲ್ಫೀನ್ ಉಗುರಿನಷ್ಟು ತುಂಡು ಮಾಡಿ ಎಲ್ಲರಿಗೂ ಕೊಟ್ಟಳು. ಬದುಕಿದ್ದಾಗಲೂ ಅವನು ಇಷ್ಟೇ ಕೊಡುತ್ತಿದ್ದ ಎಂದು ಮೈದುನ ನಗಿಸಿದ. ಯಾರೂ ಆಡಿಕೊಳ್ಳಲಿಲ್ಲ.

ನದಿಯನ್ನೇ ನಂಬಿದ ಅಕ್ಕಂದಿರೇ, ಅಣ್ಣಂದಿರೇ, ಬಲೆ ಇಳಿಸುವ ಮೊದಲು ನೀರಿನ ಬಿಸಿ ಎಷ್ಟೆಂದು ಕೇಳಿ. ಇಪ್ಪತ್ತು ದಾಟಿದ್ದರೆ ಬಲೆ ಗೋಡೆಯ ಮೇಲೇ ಇರಲಿ. ನಿಮ್ಮ ಬಂಡೆ ಎಲ್ಲಿಗೂ ಹೋಗುವುದಿಲ್ಲ. ಮುಂದಿನವರು ನಮ್ಮ ತಿಪ್ಪೆ ಅಗೆದಾಗ, ಮೇಲಿನ ಪದರದಲ್ಲಿ ಮತ್ತೆ ಸಾಲ್ಮನ್ ಮೂಳೆ ಸಿಗಬೇಕು.