ರಟ್ಟಿನಡಿಯ ಬಿಳುಪು

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಮಾಲೂರಿನ ಬೆಡ್‌ಶೀಟ್ ಫ್ಯಾಕ್ಟರಿಯೊಂದರ ತಾರಸಿಯಲ್ಲಿ ಒಂದು ಬಿಳಿ ಹತ್ತಿ ಬಟ್ಟೆ ಹಳದಿಯಾಗಿದೆ.

ಅರ್ಧ ಮಾತ್ರ. ಉಳಿದರ್ಧವನ್ನು ಕೆಮಿಸ್ಟ್ ಶ್ರೀರಾಮ್ ವಾರದಿಂದ ರಟ್ಟಿನಡಿ ಮುಚ್ಚಿಟ್ಟಿದ್ದ. ಮಧ್ಯಾಹ್ನ ರಟ್ಟು ಎತ್ತಿದ. ಅಡಿಯಲ್ಲಿ ನೀಲಿ ಹೊಳಪಿನ ಬಿಳುಪು. ಬಿಸಿಲುಂಡ ಕಡೆ ಬೀಡಿ ಸೇದುವವನ ಹಲ್ಲು.

ಬಟ್ಟೆಗೆ ಹಾಕುವ ಹೊಳಪಿನ ಪೌಡರು ಬಿಸಿಲಿನ ಕಾಣದ ಕಿರಣ ನುಂಗಿ ನೀಲಿ ಬೆಳಕು ಉಗುಳುತ್ತದೆ. ಅದನ್ನೇ ಜನ ಬಿಳುಪೆನ್ನುತ್ತಾರೆ. ಅದೇ ಬಿಸಿಲು ಕೊನೆಗೆ ಪೌಡರನ್ನೂ ಕೊಲ್ಲುತ್ತದೆ. ಹತ್ತಿಯ ಹುಟ್ಟುಬಣ್ಣ ಬಯಲಾಗುತ್ತದೆ. ಗಿರಾಕಿ ಹಳದಿಯೆಂದು ವಾಪಸು ಕಳಿಸಿದ ಶೀಟುಗಳು, ಮಾರಾಟಕ್ಕೆ ಮುಂಚೆ, ಬೇಸಿಗೆಯೆಲ್ಲ ಗೋಡೌನಿನ ಗಾಜಿಲ್ಲದ ಕಿಟಕಿಯ ಪಕ್ಕ ಬಿದ್ದಿದ್ದವು. ಮಾಲೀಕರು ಮಾತ್ರ, ಬಟ್ಟೆ ತೊಳೆಯುವ ಕದಿರೇಶ ಸರಿಯಾಗಿ ತೊಳೆಯದ್ದೇ ತಪ್ಪು ಎಂದಿದ್ದರು. ಅವನ ಕೆಲಸದ ತೀರ್ಮಾನ ಇವತ್ತು.

“ನಾನು ಉಳ್ಕೊಂಡ್ನಾ ಸಾರ್?” ಕದಿರೇಶ ಬಗ್ಗಿ ನೋಡಿದ.

“ಕಾಣ್ತಿದೆಯಲ್ಲ.”

“ನಮ್ಮೋಳಿಗೆ ಫೋನ್ ಮಾಡ್ಬಿಡ್ಲಾ?”

“ಸಂಜೆ ಮಾಡು.”

ಅವನ ಖುಷಿ ಕಂಡು ಶ್ರೀರಾಮನಿಗೆ ಮುಜುಗರವಾಯಿತು. ಕದಿರೇಶ ಉಳಿಯುವುದಕ್ಕಿಂತ ತಾನು ಸರಿಯೆನ್ನಿಸಿಕೊಳ್ಳುವುದೇ ಅವನಿಗೆ ಬೇಕಿತ್ತು.

ಮಾಲೀಕ ಚನ್ನರಾಯಪ್ಪ ಶುಕ್ರವಾರ ಆಫೀಸಿನ ಲಕ್ಷ್ಮಿ ಪಟಕ್ಕೆ ದೀಪ ಹಚ್ಚುವ ತನಕ ಯಾವುದನ್ನೂ ತೀರ್ಮಾನಿಸುವವರಲ್ಲ. ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಎಲ್‌ಇಡಿ ಲೈಟಿನ ಕೆಳಗೆ ಶ್ರೀರಾಮ್ ಬಟ್ಟೆ ಹರಡಿದ.

“ಎಲ್ರೀ ಹಳದಿ?” ಚನ್ನರಾಯಪ್ಪ ಕೇಳಿದರು.

ಇರಲಿಲ್ಲ. ಎರಡರ್ಧವೂ ಒಂದೇ ಮಾಸಲು.

“ಈ ಲೈಟಲ್ಲಿ ಆ ಕಿರಣ ಇಲ್ಲ ಸಾರ್. ಹೊಳೆಯೋ ಅರ್ಧಾನೂ ಹೊಳೆಯಲ್ಲ. ಬಿಸಿಲಲ್ಲಾದ್ರೆ…”

“ಈಗ ಬಿಸಿಲು ಎಲ್ಲಿಂದ ತರ್ಲಿ, ಆಂಧ್ರದಿಂದಾನಾ?”

“ನಾಳೆ ಬೆಳಗ್ಗೆ ನೋಡಿ ಸಾಮಿ,” ಎಂದ ಕದಿರೇಶ.

“ದೀಪದ ಮುಂದಿನ ಮಾತು ನಾಳೆಗೆ ಎತ್ತಿಡಕ್ಕೆ ಅದೇನು ಇಡ್ಲಿ ಹಿಟ್ಟೇನ್ಲಾ?” ಚನ್ನರಾಯಪ್ಪ ಇತ್ತ ತಿರುಗಿದರು. “ಕೆಮಿಸ್ಟು ನೀವೇ ಹೇಳ್ರಿ. ಈಗ, ಇಲ್ಲಿ, ಎರಡೂ ಒಂದೇ ತಾನೇ?”

ಕದಿರೇಶ ಶ್ರೀರಾಮನನ್ನೇ ನೋಡುತ್ತಿದ್ದ.

“ಈಗ… ಇಲ್ಲಿ… ಹೌದು.”

ವೈಜ್ಞಾನಿಕವಾಗಿ ಉತ್ತರ ಸರಿಯಾಗಿತ್ತು.

“ಕೇಳಿಸ್ತಾ? ನಾಳೆಯಿಂದ ಬರ್ಬೇಡ ಕಣೋ.”

ಕದಿರೇಶ ಮೆಟ್ಟಿಲಿಳಿದು ಹೋದ. ಬಟ್ಟೆ ಹಿಡಿದು ಶ್ರೀರಾಮ್ ತಾರಸಿ ಹತ್ತಿದ. ಕೆಳಗೆ ಗೇಟು ದಾಟುತ್ತಿದ್ದವನನ್ನು ಕೂಗಲು ಬಾಯಿ ತೆರೆದ, ಗೇಟು ಮುಚ್ಚಿತು. ತಾರಸಿಯ ಸಿಮೆಂಟು ಇನ್ನೂ ಬೆಚ್ಚಗಿತ್ತು. ಅಂಗಾತ ಮಲಗಿ, ಬಟ್ಟೆಯನ್ನು ಕಾಲಿನಿಂದ ತಲೆಯವರೆಗೆ ಎಳೆದುಕೊಂಡ. ಮುಖದ ಮೇಲೆ ಬಂದದ್ದು ಯಾವ ಅರ್ಧವೋ, ಕತ್ತಲಲ್ಲಿ ತಿಳಿಯಲಿಲ್ಲ.