ಮೈನಸ್ ಎರಡೂವರೆ

“ಮೊದಲನೇದಾ, ಎರಡನೇದಾ? ಯಾವುದು ಚೆನ್ನಾಗಿ ಕಾಣುತ್ತೆ?”

“ಎರಡನೇದು.”

ಅವನು ಎರಡು ಸಲವೂ ಇಟ್ಟದ್ದು ಒಂದೇ ಗಾಜು. ತೆಗೆದಂತೆ ಮಾಡಿ ಅದನ್ನೇ ಮತ್ತೆ ಇಡುವುದು ಅವನ ಹತ್ತೊಂಬತ್ತು ವರ್ಷಗಳ ಹಳೆಯ ಉಪಾಯ. ಗೆಳತಿಗೆ ಇದೆ, ನನಗೂ ಕನ್ನಡಕ ಬೇಕು ಎಂದು ಹಟ ಹಿಡಿದ ಮಕ್ಕಳು, ರಜೆಗೊಂದು ಚೀಟಿ ಬೇಕಾದ ಗುಮಾಸ್ತರು, ಎಲ್ಲರೂ ಇಲ್ಲೇ ಸಿಕ್ಕಿಬೀಳುತ್ತಿದ್ದರು. ಈಗ ಹದಿನಾಲ್ಕು ವರ್ಷದ ಸ್ವಂತ ಮಗಳು ಸಿಕ್ಕಿಬಿದ್ದಳು. ಅವನಿಗೆ ಒಳಗೊಳಗೇ ಖುಷಿಯಾಯಿತು.

ಕನ್ನಡಕದಂಗಡಿಯ ಹಿಂದಿನ ಈ ಕತ್ತಲೆ ಕೋಣೆಯಲ್ಲಿ ಅವಳು ಎತ್ತರದ ಕುರ್ಚಿಯ ಮೇಲೆ ಕೂತಿದ್ದಳು. ಎದುರು ಗೋಡೆಯ ಮೇಲೆ ಬೆಳಕಿನ ಪೆಟ್ಟಿಗೆ, ಅದರಲ್ಲಿ ಸಾಲು ಸಾಲಾಗಿ ಅಂಕಿಗಳು. ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟು ಕೂತಿದ್ದರಿಂದ ಅವಳ ಮುಖ ಯಾವುದೋ ಯಂತ್ರದ್ದಿರಬೇಕು ಎನ್ನುವಂತಿತ್ತು. ಆ ಮುಖವನ್ನು ನೋಡುವುದು ಅವನಿಗೆ ಸುಲಭವಾಗಿತ್ತು.

ಸೋಮವಾರ ಮಧ್ಯಾಹ್ನ ಅಂಚೆ ಕಚೇರಿಯಿಂದ ಬರುತ್ತಿದ್ದಾಗ ಎದುರಿಗೆ ಅವಳು ಬಂದಿದ್ದಳು. ಜೊತೆಗೆ ಬಾಸ್ಕೆಟ್‌ಬಾಲ್ ತಂಡದ ಮೂವರು ಹುಡುಗಿಯರು. ಅವನು ನಕ್ಕ, ಕೈಯನ್ನು ಅರ್ಧ ಎತ್ತಿದ. ಅವಳು ನೇರವಾಗಿ ಅವನ ಮುಖವನ್ನೇ ನೋಡಿದಳು, ಹೇಳುತ್ತಿದ್ದ ಮಾತನ್ನು ಮುಗಿಸಿದಳು, ಎಲ್ಲರೂ ಹೋ ಎಂದು ನಕ್ಕರು, ಹೊರಟುಹೋದರು. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ತಲೆ ಕೆರೆದುಕೊಂಡ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಯಾವ ದಾರಿಯಲ್ಲಿ ಬಂದೆ ಎಂದು ಕೇಳಿದ್ದ. ಮಾಮೂಲಿ ದಾರಿ ಎಂದಿದ್ದಳು, ತಟ್ಟೆಯಿಂದ ಕಣ್ಣೆತ್ತದೆ. ಅವನಿಗೆ ಅಷ್ಟು ಸಾಕ್ಷಿ ಸಾಕಾಯಿತು.

ಹಾಗೆ ನೋಡಿದರೆ ಇದು ಒಂದು ದಿನದ ಮಾತಲ್ಲ. ಒಂದು ವರ್ಷದಿಂದ ಅವಳ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಆರು ತಿಂಗಳಿಂದ ಅವಳು ಅವನನ್ನು ‘ನೀವು’ ಎನ್ನುತ್ತಿದ್ದಾಳೆ. ಅಂತೂ ಮಗಳು ಮರ್ಯಾದೆ ಕಲಿತಳು ಎಂದು ಹೆಂಡತಿ ಹಿಗ್ಗಿದಳು. ಅಂಗಡಿಗೆ ಬರುವ ಗಿರಾಕಿಗಳೂ ಅವನನ್ನು ‘ನೀವು’ ಎನ್ನುತ್ತಾರೆ. ಅವನಿಗೆ ಆ ಮರ್ಯಾದೆ ಮೈಗೆ ಚುಚ್ಚುತ್ತಿತ್ತು.

ಮೇಲೆ ಈ ಕೋಚ್ ಬೇರೆ. ಬೇಗ ಮಲಗು, ಹಾಲು ಕುಡಿ, ಬೆನ್ನು ನೆಟ್ಟಗೆ ಮಾಡಿ ಕೂರು ಎಂದು ಅವನು ಹತ್ತು ವರ್ಷ ಬಾಯಿ ಬಡಿದುಕೊಂಡಿದ್ದ. ಕೋಚ್ ಒಂದು ಸಲ ಹೇಳಿದ್ದೇ ತಡ, ಎಲ್ಲವೂ ಜಾರಿಗೆ ಬಂತು. ಅವಳ ಕಣ್ಣು ಸರಿಯಿಲ್ಲ ಎಂದು ಕಂಡುಹಿಡಿದದ್ದೂ ಕೋಚೇ. ಚೆಂಡು ಹತ್ತಿರ ಬರುವ ತನಕ ಇವಳು ಕೈ ಎತ್ತುವುದೇ ಇಲ್ಲ, ಶನಿವಾರದ ಪಂದ್ಯದೊಳಗೆ ಕನ್ನಡಕ ಬರಲಿ, ಇಲ್ಲವಾದರೆ ಬೆಂಚಿನ ಮೇಲೆ ಕೂರಲಿ ಎಂದು ಹೇಳಿಕಳಿಸಿದ್ದಳಂತೆ. ಇವತ್ತು ಗುರುವಾರ. ಊರಿನವರ ಕಣ್ಣನ್ನೆಲ್ಲ ನೋಡುವವನಿಗೆ ಮನೆಯೊಳಗಿನ ಎರಡು ಕಣ್ಣು ಕಾಣಲಿಲ್ಲ. ಈ ಅವಮಾನವನ್ನು ಅವನು ಯಾರ ಮೇಲೆ ತೀರಿಸಿಕೊಳ್ಳಬೇಕು?

ಗಾಜು ಬದಲಿಸಿದ. ಇನ್ನೊಂದು. ಮತ್ತೊಂದು. ಅವಳು ಸರಸರನೆ ಕೊನೆಯ ಸಾಲನ್ನು ಓದಿದಳು. ಮೈನಸ್ ಎರಡೂವರೆ, ಎರಡೂ ಕಣ್ಣಿಗೆ.

ಅವನ ಕೈ ಗಾಜಿನ ಪೆಟ್ಟಿಗೆಯ ಮೇಲೇ ನಿಂತಿತು. ಮೈನಸ್ ಎರಡೂವರೆ ಎಂದರೆ ಒಂದು ಮೊಳದಾಚೆಗಿನದೆಲ್ಲ ಮಂಜು. ಹಾಗಾದರೆ ಸೋಮವಾರ ಅವಳಿಗೆ ಅವನು ಕಂಡಿರಲಿಲ್ಲ.

ಇರಬಹುದು. ಆದರೆ ಅವರ ನಡುವೆ ಎಷ್ಟು ದೂರವಿತ್ತು? ಆರಡಿ? ಹತ್ತಡಿ? ತಂದೆಯನ್ನು ಗುರುತಿಸಲು ಮುಖವೇ ಕಾಣಬೇಕೆ? ನಡಿಗೆ ಸಾಲದೆ, ನಿಲುವು ಸಾಲದೆ? ಕೇಳಿಬಿಡಬಹುದಿತ್ತು. ಒಂದೇ ಪ್ರಶ್ನೆ. ಆದರೆ ಮೂರು ದಿನ ಸಾಕಿದ ಸಿಟ್ಟನ್ನು ಒಂದು ಅಂಕಿಗೆ ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ.

ಅವಳು ಗೋಡೆಯಿಂದ ಮುಖ ತಿರುಗಿಸಿ, ಮೂಲೆಯಲ್ಲಿ ನಿಂತಿದ್ದ ಅವನನ್ನು ಚೌಕಟ್ಟಿನೊಳಗಿಂದ ನೋಡುತ್ತಿದ್ದಳು.

“ಅಪ್ಪ, ನಿನ್ನ ಕೂದಲು ಇಷ್ಟೊಂದು ಬೆಳ್ಳಗಾಗಿದ್ಯಾ?”

“ಗೋಡೆ ನೋಡು,” ಎಂದ.

ಕಣ್ಣು ಬಂದ ಕೂಡಲೆ ಕಂಡದ್ದು ಇದು. ಅವನು ಚೌಕಟ್ಟನ್ನು ಕಳಚಿದ, ದೀಪ ಹಾಕಿದ, ಮೇಜಿನ ಮೇಲಿನ ಚೀಟಿಯನ್ನು ಎಳೆದುಕೊಂಡ. ಬಲಗಣ್ಣು, ಮೈನಸ್ ಒಂದು. ಎಡಗಣ್ಣು, ಮೈನಸ್ ಒಂದು. ಅಕ್ಷರಗಳು ಎಂದಿಗಿಂತ ದುಂಡಗೆ ಬಂದವು.

ಮೊದಲ ಸಲ ಕನ್ನಡಕ ಹಾಕುವ ಮಕ್ಕಳಿಗೆ ಒಂಚೂರು ಕಡಿಮೆ ಕೊಡುವವರಿದ್ದಾರೆ, ಕಣ್ಣು ಒಗ್ಗಲಿ ಎಂದು. ಇಷ್ಟು ಕಡಿಮೆ ಯಾರೂ ಕೊಡುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಶನಿವಾರ ಚೆಂಡು ಬರುತ್ತದೆ, ಇವಳು ಒಂದು ಗಳಿಗೆ ತಡವಾಗಿ ಕೈ ಚಾಚುತ್ತಾಳೆ, ಚೆಂಡು ಎದೆಗೆ ಬಡಿಯುತ್ತದೆ. ಕೋಚ್ ಕೈಸನ್ನೆ ಮಾಡಿ ಹೊರಗೆ ಕರೆಯುತ್ತಾಳೆ. ಆ ಮೂವರು ಹುಡುಗಿಯರು ಇವಳ ಮುಖವನ್ನು ನೇರವಾಗಿ ನೋಡಿ, ತಮ್ಮ ಮಾತು ಮುಗಿಸಿ, ನಗುತ್ತಾ ಹೋಗುತ್ತಾರೆ. ಆಮೇಲೆ ಇವಳು ಎಲ್ಲಿಗೆ ಹೋಗಬೇಕು? ಮನೆಗೇ. ಅಪ್ಪನ ಹತ್ತಿರವೇ. ಅವಳು ಅಳುತ್ತಾ ಬರುವುದನ್ನು ಅವನು ಯಾವ ಗಾಜಿನ ಹಂಗೂ ಇಲ್ಲದೆ ಕಂಡ, ಅದು ಅವನಿಗೆ ಹಿತವಾಗಿತ್ತು.

ಲೆನ್ಸ್ ಕೂರಿಸುವ ಹೆಂಗಸು ಚೀಟಿ ಓದಿ ತಲೆಯೆತ್ತಿದಳು.

“ಒಂದೇನಾ ಸರ್? ಮಗು ಬಾಗಿಲ ಮೇಲಿನ ಬೋರ್ಡ್ ನೋಡೋಕೂ ಕಣ್ಣು ಕಿರಿದು ಮಾಡ್ತಿತ್ತಲ್ಲ.”

“ಬರೆದಿರೋದನ್ನ ಹಾಕಿ.”

ಅವಳು ಗಾಜು ಉಜ್ಜುವ ಯಂತ್ರದ ಗುಂಡಿ ಒತ್ತಿದಳು. ಕಲ್ಲು ತಿರುಗತೊಡಗಿತು, ಗಾಜಿನ ಅಂಚು ಕಿರ್ರೆಂದಿತು. ಅರ್ಧ ಗಂಟೆಯ ಕೆಲಸ.

ಮಗಳು ಮುಂದಿನ ಭಾಗದಲ್ಲಿ ರಟ್ಟಿನ ಮನುಷ್ಯನ ಪಕ್ಕ ಕಾಯುತ್ತಾ ಕೂತಳು. ಗಾಜಿನ ಕಂಪನಿಯವರು ಐದು ವರ್ಷದ ಹಿಂದೆ ಕಳಿಸಿಕೊಟ್ಟ ಆಳೆತ್ತರದ ಬೊಂಬೆ ಅದು. ಬಿಳಿ ಕೋಟು ತೊಟ್ಟು, ಕನ್ನಡಕ ಹಾಕಿ, ಬೀದಿಗೆ ಮುಖ ಮಾಡಿ, ಬನ್ನಿ ಎಂದು ಒಂದು ಕೈ ಎತ್ತಿ ನಿಂತಿರುತ್ತದೆ. ಲೆನ್ಸ್ ಕೂರಿಸುವವಳು ಅದನ್ನು ಪಾಲುದಾರರು ಎಂದು ಕರೆಯುತ್ತಾಳೆ. ರಜೆ ಕೇಳುವುದಿಲ್ಲ, ಸಿಡುಕುವುದಿಲ್ಲ, ಯಾವಾಗಲೂ ನಗುಮುಖ. ನಿಮಗಿಂತ ಅವರೇ ವಾಸಿ ಎಂದು ಹೆಂಡತಿಯೂ ಒಮ್ಮೆ ತಮಾಷೆ ಮಾಡಿದ್ದಳು.

ಕನ್ನಡಕ ಸಿದ್ಧವಾಯಿತು. ಅವನೇ ತೊಡಿಸಿದ. ಕಡ್ಡಿಯನ್ನು ಕಿವಿಯ ಹಿಂದೆ ಕೂರಿಸುವಾಗ ಬೆರಳಿಗೆ ಅವಳ ಕಿವಿ ತಾಗಿತು. ಬೆಚ್ಚಗಿತ್ತು. ಚಿಕ್ಕವಳಿದ್ದಾಗ ಅವನ ಹೆಗಲ ಮೇಲೆ ನಿದ್ದೆಹೋಗುವಾಗ ಅವಳು ಇದೇ ಕಿವಿಯನ್ನು ಅವನ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಅವನು ಬೇಗ ಕೈ ತೆಗೆದ.

“ಹೇಗಿದೆ?”

ಅವಳು ಬೀದಿಯ ಆಚೆ ನೋಡಿದಳು. ರೆಪ್ಪೆಗಳು ತುಸು ಹತ್ತಿರ ಬಂದವು. ಅವನು ನೋಡುತ್ತಿರುವುದು ತಿಳಿದೊಡನೆ ಕಣ್ಣನ್ನು ಅಗಲ ಮಾಡಿದಳು.

“ಚೆನ್ನಾಗಿದೆ.”

“ಒಳಗೆ ಕಂಡ ಹಾಗೇ ಕಾಣುತ್ತಾ?”

“ಹೂಂ. ನೀವೇ ನೋಡಿದ್ದಲ್ವಾ, ಸರಿಯಾಗೇ ಇರುತ್ತೆ.”

ಮತ್ತೆ ‘ನೀವು’. ಆಗ ಅವನಿಗೆ ನೆನಪಾಯಿತು: ಒಳಗೆ, ಸರಿಯಾದ ಗಾಜಿನ ಹಿಂದೆ ಕೂತು, ಅವಳು ‘ನಿನ್ನ ಕೂದಲು’ ಎಂದಿದ್ದಳು. ಆರು ತಿಂಗಳಿಂದ ಅವನು ಕಾಯುತ್ತಿದ್ದ ಮಾತು ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು, ಅವನು ಗೋಡೆ ನೋಡು ಎಂದಿದ್ದ.

ಕೊಡಿಲ್ಲಿ, ಇನ್ನೊಮ್ಮೆ ನೋಡ್ತೀನಿ. ಇಷ್ಟೇ ಹೇಳಬೇಕಾಗಿದ್ದದ್ದು. ಆದರೆ ಲೆನ್ಸ್ ಕೂರಿಸುವವಳು ಅಲ್ಲೇ ಇದ್ದಳು, ಸುಮ್ಮನೆ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾ. ಅವಳ ಎದುರು ತನ್ನ ಕೈಬರಹವನ್ನು ತಪ್ಪೆಂದು ಒಪ್ಪಿಕೊಳ್ಳಬೇಕಿತ್ತು. ಮಗಳಿಗೆ ಅಭ್ಯಾಸಕ್ಕೆ ಹೊತ್ತಾಗಿತ್ತು. ಬರ್ತೀನಿ ಎಂದು ಚೀಲ ಹೆಗಲಿಗೇರಿಸಿದಳು.

“ರಸ್ತೆ ನೋಡಿಕೊಂಡು ದಾಟು,” ಎಂದ. ಹೇಳಿದ ಮೇಲೆ ಆ ಮಾತು ಅವನಿಗೇ ಅಸಹ್ಯವಾಯಿತು.

ಅವಳು ಅಂಚಿನಲ್ಲಿ ಬಹಳ ಹೊತ್ತು ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೆ ಎಡಕ್ಕೆ. ಒಂದು ವ್ಯಾನು ಬಂತು. ಅದು ತೀರ ಹತ್ತಿರ ಬಂದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಬಾಗಿಲಿನ ಗಾಜಿಗೆ ಅಂಗೈ ಒತ್ತಿ ನಿಂತಿದ್ದ. ಆಮೇಲೆ ಅವಳು ಓಡಿ ದಾಟಿದಳು.

ಆಚೆ ಬದಿ ತಲುಪಿ ತಿರುಗಿದಳು. ಅವನು ಕೈ ಎತ್ತಿದ. ಈ ಸಲ ಪೂರ್ತಿ ಎತ್ತಿದ.

ಅವಳ ಮುಖ ಅರಳಿತು. ವರ್ಷದಿಂದ ಮನೆಯಲ್ಲಿ ಕಾಣದ ನಗು. ಅವಳೂ ಕೈ ಎತ್ತಿ ಜೋರಾಗಿ ಬೀಸಿದಳು, ಅವನಿಂದ ನಾಲ್ಕಡಿ ಎಡಕ್ಕೆ, ದೀಪದ ಬೆಳಕಿನಲ್ಲಿ ನಗುತ್ತಿದ್ದ ರಟ್ಟಿನ ಮನುಷ್ಯನಿಗೆ.

ಬೀಸಿ, ತಿರುಗಿ, ನಡೆದಳು. ಬಾಗಿಲ ಹಿಂದೆ ಅವನ ಕೈ ಇನ್ನೂ ಮೇಲೇ ಇತ್ತು. ರಟ್ಟಿನವನದೂ.