ಹೊಲಿದ ಜೇಬಿನ ಚಲುವಯ್ಯ

ಚಲುವಯ್ಯನ ಖಾಕಿ ಕೋಟಿಗೆ ಜೇಬುಗಳಿದ್ದವು, ಆದರೆ ಅವುಗಳೊಳಗೆ ಬೆರಳು ಕೂಡ ತೂರುತ್ತಿರಲಿಲ್ಲ. ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಕೊಂಡ ದಿನವೇ ದಬ್ಬಳ ಹಿಡಿದು ಕೂತು ಅವುಗಳ ಬಾಯಿ ಹೊಲಿದಿದ್ದ. ಅನ್ಯರ ತೋಟದಲ್ಲಿ ಸಂಬಳಕ್ಕಿರುವವನಿಗೆ ಜೇಬು ಯಾಕೆ ಎಂಬುದು ಅವನ ವಾದ. ಬೀಡಿ ಕಿವಿಯ ಸಂದಿಯಲ್ಲಿ, ಬೆಂಕಿಪೊಟ್ಟಣ ರುಮಾಲಿನ ಸುತ್ತಿನಲ್ಲಿ ಇರುತ್ತಿದ್ದವು.

"ನಾಲ್ಕು ಟೊಮೆಟೊ ಹಾಕ್ಕೊಂಡ್ರೆ ಯಜಮಾನ್ರು ಬಡವರಾಗ್ತಾರಾ?" ಎಂದು ನಾನೊಮ್ಮೆ ಕೆಣಕಿದ್ದೆ.

"ಕೊಟ್ಟಿದ್ದು ತಲೆ ಮೇಲೆ ಬರ್ತದೆ ಸ್ವಾಮಿ, ಕದ್ದಿದ್ದು ಕಂಕುಳಲ್ಲಿ" ಎಂದ.

ಕೆ.ಆರ್. ಪುರದಾಚೆ ಅವನ ಯಜಮಾನ ಮುನಿಆಂಜನಪ್ಪನವರ ತರಕಾರಿ ತೋಟ, ಅದರ ಬೇಲಿಗೆ ಅಂಟಿಕೊಂಡೇ ನನ್ನ ಬಾಡಿಗೆಮನೆ. ಡಾಂಬರು ರಸ್ತೆಯಲ್ಲೂ ಬದುವಿನ ಮೇಲೆ ನಡೆಯುವವನಂತೆ ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ಬರುವ ಚಲುವಯ್ಯನನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ. ಮಾತಾಡುವಾಗ ತಲೆ ತಗ್ಗಿಸಿರುತ್ತಿದ್ದ. ಅದನ್ನು ವಿನಯವೆಂದುಕೊಂಡವರು ಬೇಸ್ತುಬೀಳುತ್ತಿದ್ದರು, ಏಕೆಂದರೆ ಅವನ ಕಣ್ಣು ಕಾಲಬುಡದ ಕಳೆಯ ಮೇಲಿರುತ್ತಿತ್ತು.

ಯಜಮಾನರೂ ಅವನಿಗೆ ತಕ್ಕವರೇ. ಮಳೆ ಹಿಡಿದು ಕೆಲಸ ನಿಂತರೂ ಸಂಬಳ ಹಿಡಿಯುತ್ತಿರಲಿಲ್ಲ; ಮಧ್ಯಾಹ್ನ ಹೊಂಗೆಮರದಡಿ ಆಳು ಒಡೆಯರಿಬ್ಬರೂ ಎದುರುಬದುರು ಕೂತು ಒಂದೇ ಪಾತ್ರೆಯ ಮುದ್ದೆ ಸಾರು ಉಣ್ಣುತ್ತಿದ್ದರು. ಪ್ರತಿ ಬೆಳೆಯ ಮೊದಲ ಕೊಯ್ಲಿನಲ್ಲಿ ಯಜಮಾನಿತಿ ಪಟಾಲಮ್ಮ ತಮ್ಮ ಕೈಯಾರೆ ಒಂದು ಮಂಕರಿ ತರಕಾರಿ ತುಂಬಿ ಅವನ ತಲೆಗೆ ಹೊರಿಸುತ್ತಿದ್ದರು. ಅಂದು ಮಾತ್ರ ಅವನು ಕತ್ತೆತ್ತಿ, ಬೇಕೆಂದೇ ಬಳಸುದಾರಿ ಹಿಡಿದು, ಇಡೀ ಊರಿಗೆ ಕಾಣುವಂತೆ ಮನೆಗೆ ಹೋಗುತ್ತಿದ್ದ. ಅಂಥ ತೃಪ್ತಿಯನ್ನು ಕಚೇರಿಯ ಸಂಬಳದವನಾದ ನಾನು ಬಡ್ತಿ ಸಿಕ್ಕ ದಿನವೂ ಕಂಡವನಲ್ಲ.

ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ತೋಟ ಸೈಟುಗಳಾಯಿತು. ಮುನಿಆಂಜನಪ್ಪ ಮಾತ್ರ ಹಳೆಯ ಆಳನ್ನು ಬೀದಿಗೆ ಬಿಡಲಿಲ್ಲ. "ನೀನು ಎಲ್ಲೂ ಹೋಗ್ಬೇಡ. ಶೆಡ್ ಹತ್ರ ಸುಮ್ನೆ ಕೂತಿರು, ಸಂಬಳ ನಡೀತದೆ" ಎಂದರು. ಕೂರಲು ಕುರ್ಚಿಯನ್ನೂ ಕೊಟ್ಟರು. ಚಲುವಯ್ಯ ಆ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ದಿನೇ ದಿನೇ ಸೊರಗತೊಡಗಿದ. ಕಡೆಗೊಂದು ದಿನ ತಡೆಯಲಾರದೆ ಗಡಿಕಲ್ಲುಗಳ ನಡುವೆ ಮಡಿ ಕಟ್ಟಿ ದಂಟಿನ ಬೀಜ ಚೆಲ್ಲಿದ. ಸೊಪ್ಪು ಗೇಣುದ್ದ ಬಂದಾಗ ಯಜಮಾನರ ಮಗ ಶ್ರೀನಾಥ್ ಕೈಮುಗಿದೇ ಹೇಳಿದ: "ಇಲ್ಲೇನೂ ಹಾಕ್ಬೇಡಿ ಚಲುವಯ್ಯ, ಸೈಟು ಕೊಳ್ಳೋ ಪಾರ್ಟಿಗಳು ಬಂದು ನೋಡ್ತಾರೆ." ಮರುದಿನ ಜೇಸಿಬಿ ಬಂದು ನೆಲವನ್ನು ಸಮ ಮಾಡಿತು.

ಅಂದು ಸಂಜೆ ಚಲುವಯ್ಯ ಯಜಮಾನರ ಜಗಲಿಯ ಮುಂದೆ ನಿಂತು ಇನ್ನು ಸಂಬಳ ಬೇಡವೆಂದ. ನಾನೂ ಅಲ್ಲಿದ್ದೆ.

"ನಾನೇನು ಕಮ್ಮಿ ಮಾಡಿದ್ನಾ ನಿನಗೆ?" ಮುನಿಆಂಜನಪ್ಪ ಜಗಲಿಯಿಂದ ಇಳಿದು ಬಂದರು.

"ನೀವು ಕಮ್ಮಿ ಮಾಡಿಲ್ಲ ಯಜಮಾನ್ರೇ. ನಾನೇ ಏನೂ ಮಾಡ್ತಿಲ್ವಲ್ಲ."

ಅವನ ಹೆಂಡತಿ ಅಂಜಿನಮ್ಮ ನಮ್ಮ ಬಾಗಿಲಿಗೆ ಬಂದು ಅತ್ತಳು. "ಕೂತು ತಿನ್ನೋ ಭಾಗ್ಯ ಬಂದ್ರೆ ಇವರಿಗೆ ಅರಗಲ್ಲ ನೋಡಿ ಸ್ವಾಮಿ. ಒಲೆ ಹೆಂಗೆ ಉರೀಬೇಕು?" ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಚಲುವಯ್ಯ ಸಿ.ವಿ. ರಾಮನ್ ನಗರದ ಅಪಾರ್ಟ್‌ಮೆಂಟೊಂದರಲ್ಲಿ ಹುಲ್ಲುಹಾಸಿಗೆ ನೀರು ಬಿಡುವ ಕೆಲಸ ಹಿಡಿದ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. "ದನ ಮೇಯಲ್ಲ, ಜನ ತಿನ್ನಲ್ಲ, ಆದ್ರೂ ನೀರು ಬಿಡ್ತೀನಿ" ಎಂದು ನನ್ನೆದುರು ನಕ್ಕ. ಆ ನಗುವನ್ನು ನೋಡಲಾಗಲಿಲ್ಲ. ಮರುವರ್ಷದ ಚಳಿಯಲ್ಲಿ ತೀರಿಕೊಂಡ. ಮಣ್ಣಿಗೆ ಬಂದ ಮುನಿಆಂಜನಪ್ಪ ಗುಂಡಿಯ ಬಳಿ ನಿಂತು, "ನಾನು ಮಾಡಿದ್ದು ತಪ್ಪಾ, ನೀವೇ ಹೇಳಿ" ಎಂದು ನನ್ನನ್ನು ಕೇಳಿದರು. ನಾನು ಬಗ್ಗಿ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿದೆ.

ದುಡಿಸಿಕೊಂಡು ಕೂಲಿ ಕೊಡದವನನ್ನು ಲೋಕ ಅನ್ಯಾಯಗಾರನೆಂದು ಶಪಿಸುತ್ತದೆ. ಕೂಲಿಯನ್ನು ಪೂರ್ತಿ ಕೊಟ್ಟು ದುಡಿಮೆಯನ್ನು ಮಾತ್ರ ಕಸಿದುಕೊಂಡವನನ್ನು ಧರ್ಮಿಷ್ಠನೆನ್ನುತ್ತದೆ. ಚಲುವಯ್ಯನಂಥವರು ಬಡತನವನ್ನು ಎಷ್ಟು ಕಾಲವಾದರೂ ತಾಳಿಕೊಳ್ಳುತ್ತಾರೆ. ಅವರಿಂದ ತಾಳಲಾಗದ್ದು ಈ ಎರಡನೆಯವನ ಧರ್ಮ.